‘ವೆರಿ ಹಾಟ್ ಸರ್’ ಬಿಟ್ಟು ಬೇರೇನು ಹೇಳೋದು?

ಮೂರು ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಪೋರ್ಟ್ ಟೀಮಿಗೆ ಸೇರಿ ನನಗೆ ಆಗಷ್ಟೇ ನಾಲ್ಕು ತಿಂಗಳಾಗಿತ್ತು. ನಮ್ಮ ಗ್ರಾಹಕರೆಲ್ಲ ಇಂಗ್ಲೆಂಡಿನವರು. ಜುಲೈ ತಿಂಗಳ ಒಂದು ಸಂಜೆ ಬರ್ಮಿಂಗ್‌ಹ್ಯಾಮ್ ಕಡೆಯ ಹಿರಿಯರೊಬ್ಬರು ಚಾಟ್‌ನಲ್ಲಿದ್ದರು. ಅವರ ಇನ್‌ವಾಯ್ಸ್ ಪ್ರಿಂಟ್ ಆಗ್ತಿರಲಿಲ್ಲ, ತಪ್ಪೆಲ್ಲಿದೆ ಅಂತ ನಾನು ಹುಡುಕ್ತಾ ಇದ್ದೆ. ಕಾದು ಕಾದು ಬೇಸರವಾಯ್ತೋ ಏನೋ, ಅವರು ಒಂದು ಸಾಲು ಟೈಪ್ ಮಾಡಿದರು: ‘ಇಟ್ಸ್ ವೆರಿ ಕ್ಲೋಸ್ ಟುಡೇ, ಇಸಂಟ್ ಇಟ್?’

ನಮ್ಮ ಆಫೀಸಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕಿವಿಗೆ ಬೀಳೋದು ಒಂದೇ ಮಾತು, ಟಿಕೆಟ್ ಕ್ಲೋಸ್ ಮಾಡಿ, ಟಿಕೆಟ್ ಕ್ಲೋಸ್ ಮಾಡಿ. ಸರಿ, ಇವರೂ ಅದನ್ನೇ ಕೇಳ್ತಿದ್ದಾರೆ, ಸಮಸ್ಯೆ ತಾನಾಗೇ ಸರಿಹೋಗಿರಬೇಕು ಅಂದುಕೊಂಡು ‘ಶೂರ್ ಸರ್, ಕ್ಲೋಸಿಂಗ್ ನೌ’ ಅಂತ ಬರೆದು ಟಿಕೆಟ್ ಮುಚ್ಚಿಬಿಟ್ಟೆ. ಹತ್ತು ನಿಮಿಷಕ್ಕೆ ಅವರಿಂದ ಒಂದು ಮೇಲ್ ಬಂತು. ತುಂಬ ಮರ್ಯಾದೆಯಿಂದಲೇ ಬರೆದಿದ್ದರು, ‘ನಾನು ಹವಾಮಾನದ ಬಗ್ಗೆ ಹೇಳಿದ್ದು, ನನ್ನ ಇನ್‌ವಾಯ್ಸ್ ಇನ್ನೂ ಪ್ರಿಂಟ್ ಆಗಿಲ್ಲ’ ಅಂತ.

ಬ್ರಿಟಿಷ್ ಇಂಗ್ಲಿಷಿನಲ್ಲಿ ಹವಾಮಾನ ‘ಕ್ಲೋಸ್’ ಆಗಿದೆ ಅಂದರೆ ಗಾಳಿಯಾಡದೆ ಸೆಕೆ ಸೆಕೆ ಆಗ್ತಿದೆ ಅಂತ ಅರ್ಥ. ಮಾತಿನಲ್ಲಾದರೆ ಕೊನೆಯ ಅಕ್ಷರದ ಉಚ್ಚಾರ ಸ್ವಲ್ಪ ಬೇರೆ. ‘ಮುಚ್ಚು’ ಅನ್ನೋ ಕ್ಲೋಸ್ ಕೊನೆಗೆ ಝೇಂಕರಿಸುತ್ತದೆ, ಈ ಕ್ಲೋಸ್ ‘ಸ್’ ಅಂತ ಮೆತ್ತಗೆ ಮುಗಿಯುತ್ತದೆ. ಬರವಣಿಗೆಯಲ್ಲಿ ಎರಡೂ ಒಂದೇ. ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಹೆಸರಿನ ಮುಂದೆ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಅಂತ ಬಂತು. ನಾನು ಹುಟ್ಟಿದ್ದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ. ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಬೆಳೆದವಳು, ಕೊನೆಗೆ ಬಿಸಿಲಿನ ಒಂದು ಪದಕ್ಕೇ ಮಾರ್ಕ್ಸ್ ಕಳೆದುಕೊಂಡೆ!

ನಿಮ್ಮದೂ ಇದೇ ಕಥೆ ಇರಬಹುದು. ಕಾಲ್ ಶುರುವಾಗುವ ಮೊದಲು ಎರಡು ನಿಮಿಷ ಹವಾಮಾನದ ಮಾತು ಇರತ್ತಲ್ಲ, ಅಲ್ಲಿ ನಾವೆಲ್ಲ ಹೇಳೋದು ಒಂದೇ, ‘ವೆರಿ ಹಾಟ್ ಸರ್’. ಏಪ್ರಿಲ್‌ನಲ್ಲೂ ಅದೇ, ಮೇನಲ್ಲೂ ಅದೇ. ಬಿಸಿಲು ಇನ್ನೂ ಜೋರಾದರೆ ‘ವೆರಿ ವೆರಿ ಹಾಟ್ ಸರ್’. ಅದರಾಚೆ ನಮ್ಮ ಬಳಿ ಪದವಿಲ್ಲ.

ನಿಮ್ಮೂರ ಬಿಸಿಲು, ನಮ್ಮೂರ ಸೆಕೆ

ಪದ ಕಲಿಯೋಣ ಅಂತ ಮೊದಲು ಮೊಬೈಲಿನಲ್ಲಿ ಸಿಕ್ಕ ಪಟ್ಟಿಗಳನ್ನೆಲ್ಲ ಬಾಯಿಪಾಠ ಮಾಡಿದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಇಪ್ಪತ್ತು ಪದ, ಎಲ್ಲಕ್ಕೂ ಅರ್ಥ ‘ಬಹಳ ಬಿಸಿ’ ಅಂತಲೇ ಕೊಟ್ಟಿದ್ದರೆ ಯಾವುದನ್ನು ಎಲ್ಲಿ ಬಳಸೋದು?

ದಾರಿ ತೋರಿಸಿದ್ದು ನನ್ನ ಪಿಜಿಯ ರೂಮ್‌ಮೇಟ್. ಅವಳು ಮಂಗಳೂರಿನವಳು. ಒಮ್ಮೆ ನಾನು ‘ನಮ್ಮೂರಲ್ಲಿ ನಿನ್ನೆ 42 ಡಿಗ್ರಿ ಅಂತೆ, ನಿಮ್ಮೂರಲ್ಲಿ ಬರೀ 34. ನೀವೇ ಪುಣ್ಯವಂತರು’ ಅಂದೆ. ಅವಳಿಗೆ ಸಿಟ್ಟೇ ಬಂತು. ‘ನಿಮ್ಮದು ಬಿಸಿಲು ಮಾರಾಯ್ತಿ, ನಮ್ಮದು ಸೆಕೆ. ಸ್ನಾನ ಮಾಡಿ ಬಾತ್‌ರೂಮಿಂದ ಹೊರಗೆ ಬರುವಷ್ಟರಲ್ಲಿ ಮತ್ತೆ ಸ್ನಾನ ಮಾಡಬೇಕು’ ಅಂದಳು.

ಆಗ ಹೊಳೆಯಿತು. ಈ ವ್ಯತ್ಯಾಸ ಕನ್ನಡದಲ್ಲಿ ನಮಗೆ ಮೊದಲೇ ಗೊತ್ತಿದೆ. ಇಂಗ್ಲಿಷ್ ಪದಗಳನ್ನು ‘ಹಾಟ್’ ಅನ್ನೋ ಒಂದೇ ಗೂಟಕ್ಕೆ ಕಟ್ಟುವ ಬದಲು ನಮ್ಮ ಪದಗಳ ಪಕ್ಕಕ್ಕೆ ತಂದು ನಿಲ್ಲಿಸಿದರೆ ಸಾಕು.

ಮೊದಲು ಸೆಕೆ. ಗಾಳಿಯಲ್ಲಿ ತೇವಾಂಶ ಜಾಸ್ತಿ ಇದ್ದರೆ ನಮ್ಮ ಬೆವರು ಬೇಗ ಆರೋದಿಲ್ಲ. ಬೆವರು ಆರುವಾಗಲೇ ಮೈಯ ಕಾವನ್ನು ಹೊತ್ತುಕೊಂಡು ಹೋಗೋದು. ಅದು ಆರದಿದ್ದರೆ ಕಾವು ಮೈಯಲ್ಲೇ ಉಳಿಯುತ್ತೆ. ಇದಕ್ಕೆ ಸರಳ ಪದ ‘ಹ್ಯೂಮಿಡ್’. ದಿನಬಳಕೆಯ ಪದ ‘ಮಗ್ಗಿ’. ಹೌದು, ನಮಗೆ ಮಗ್ಗಿ ಅಂದ್ರೆ ಎರಡೊಂದ್ಲ ಎರಡು. ಇಂಗ್ಲಿಷರಿಗೆ ಮಗ್ಗಿ ಅಂದ್ರೆ ಮೈಗೆಲ್ಲ ಅಂಟಂಟಾಗುವ ಮೋಡ ಕವಿದ ಸೆಕೆ. ‘ಸಲ್ಟ್ರಿ’ ಕೂಡ ಸೆಕೆಯೇ, ಆದರೆ ಆ ಪದಕ್ಕೆ ಸ್ವಲ್ಪ ಮಾದಕ ಅನ್ನುವ ಅರ್ಥವೂ ಇದೆ. ಕಥೆ-ಕವನಕ್ಕೆ ಇರಲಿ, ಕ್ಲೈಂಟ್ ಕಾಲ್‌ಗೆ ಬೇಡ. ‘ಸ್ಟಫಿ’ ಅನ್ನೋದು ಕೋಣೆಗೆ. ಕಿಟಕಿ ಹಾಕಿದ ಮೀಟಿಂಗ್ ರೂಮಿನಲ್ಲಿ ಹತ್ತು ಜನ ಕೂತು ಎಸಿ ಕೆಟ್ಟರೆ ಅದು ಸ್ಟಫಿ. ‘ಕ್ಲೋಸ್’ ಎಲ್ಲಿ ಬರುತ್ತೆ ಅಂತ ಇನ್ನು ಹೇಳಬೇಕಾಗಿಲ್ಲ.

ಇನ್ನು ನಮ್ಮೂರ ಬಿಸಿಲು. ಇದು ‘ಡ್ರೈ ಹೀಟ್’, ಒಣ ಬಿಸಿಲು. ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತೆ. ಅದೇ ಇದರ ಮೋಸ. ಮೈಯಿಂದ ನೀರು ಹೋಗುತ್ತಲೇ ಇರುತ್ತೆ, ಅಂಗಿ ಮಾತ್ರ ಒಣಗೇ ಇರುತ್ತೆ. ನಮ್ಮ ಸುಡುಬಿಸಿಲಿಗೆ ‘ಸ್ಕಾರ್ಚಿಂಗ್’ ಸರಿಯಾದ ಜೋಡಿ, ಸ್ಕಾರ್ಚ್ ಅಂದರೆ ಸುಟ್ಟು ಕಪ್ಪಗೆ ಮಾಡೋದು. ಕಣ್ಣು ಬಿಡೋಕಾಗದಂಥ ರಣಬಿಸಿಲಿಗೆ ‘ಬ್ಲೇಜಿಂಗ್ ಸನ್’. ಮೈಮೇಲೆ ಬೊಬ್ಬೆ ಏಳಿಸುವಂಥ ಉರಿಬಿಸಿಲಿಗೆ ‘ಬ್ಲಿಸ್ಟರಿಂಗ್’, ಬ್ಲಿಸ್ಟರ್ ಅಂದರೆ ಬೊಬ್ಬೆಯೇ. ಡಾಂಬರು ರಸ್ತೆಯಿಂದ ಮುಖಕ್ಕೆ ರಾಚುವ ಝಳಕ್ಕೆ ‘ಬ್ಲಾಸ್ಟ್ ಆಫ್ ಹೀಟ್’. ಒಲೆಯ ಬಾಗಿಲು ತೆಗೆದ ಹಾಗೆ ಅಂತ ನಾವೂ ಅಂತೀವಿ, ಅವರೂ ‘ಲೈಕ್ ಆ್ಯನ್ ಅವನ್’ ಅಂತಾರೆ.

ಬೆಳಗಿನ ಎಳೆಬಿಸಿಲಿಗೆ ಮಾತ್ರ ಇಂಗ್ಲಿಷಿನಲ್ಲಿ ಒಂದೇ ಪದ ನನಗೆ ಸಿಕ್ಕಿಲ್ಲ. ‘ಅರ್ಲಿ ಮಾರ್ನಿಂಗ್ ಸನ್’ ಅಂತ ಮೂರು ಪದದಲ್ಲಿ ಹೇಳಬೇಕು. ಅದರಲ್ಲಿ ಕೂತು ಮೈ ಕಾಯಿಸಿಕೊಳ್ಳೋದಕ್ಕೆ ‘ಬಾಸ್ಕ್’ ಅನ್ನೋ ಚಂದದ ಪದವಿದೆ.

‘ವೆರಿ ಬಾಯ್ಲಿಂಗ್’ ಅನ್ನಬೇಡಿ

ಪದ ಸಿಕ್ಕ ಖುಷಿಯಲ್ಲಿ ನಾನು ಮಾಡಿದ ಮುಂದಿನ ತಪ್ಪು ಇದು. ‘ಇಟ್ಸ್ ವೆರಿ ಬಾಯ್ಲಿಂಗ್ ಹಿಯರ್’ ಅಂದೆ. ಕೇಳಿದವರು ನಕ್ಕರು, ಯಾಕೆ ಅಂತ ಹೇಳಲಿಲ್ಲ.

ಬಾಯ್ಲಿಂಗ್, ರೋಸ್ಟಿಂಗ್, ಬೇಕಿಂಗ್, ಸ್ಕಾರ್ಚಿಂಗ್, ಸ್ವೆಲ್ಟರಿಂಗ್, ಈ ಪದಗಳಲ್ಲೇ ‘ಬಹಳ’ ಅಡಗಿದೆ. ಕನ್ನಡದಲ್ಲಿ ‘ಸ್ವಲ್ಪ ರಣಬಿಸಿಲು’ ಅಂತ ಯಾರಾದರೂ ಹೇಳ್ತಾರಾ? ಹಾಗೇ ಇದು. ಒತ್ತು ಬೇಕಾದರೆ ‘ಆ್ಯಬ್ಸಲ್ಯೂಟ್ಲಿ ಬಾಯ್ಲಿಂಗ್’ ಅನ್ನಿ. ‘ವೆರಿ’ ಏನಿದ್ದರೂ ಹಾಟ್, ವಾರ್ಮ್, ಹ್ಯೂಮಿಡ್ ಥರದ ಪದಗಳ ಜೊತೆಗೆ.

ಇವುಗಳಲ್ಲಿ ‘ಸ್ವೆಲ್ಟರಿಂಗ್’ ನಮ್ಮ ‘ಧಗೆ’ಗೆ ತೀರ ಹತ್ತಿರ. ಕೂತಲ್ಲಿ ಕೂರೋಕಾಗದೆ, ನಿಂತಲ್ಲಿ ನಿಲ್ಲೋಕಾಗದೆ ಜೀವ ಸೊರಗುವ ಸ್ಥಿತಿ. ಈ ಪದದ ಬೇರು ಹಳೆಯ ಇಂಗ್ಲಿಷಿನ ‘ಸ್ವೆಲ್ಟನ್’, ಅದರ ಅರ್ಥ ‘ಸಾಯು’. ಸಾವಿನಿಂದ ಶುರುವಾಗಿ, ಬಿಸಿಲಿಗೆ ತಲೆಸುತ್ತಿ ಬೀಳೋದು ಅಂತಾಗಿ, ಕೊನೆಗೆ ಬರೀ ಧಗೆಯಾಗಿ ಉಳಿದಿದೆ. ಸಲ್ಟ್ರಿ ಪದವೂ ಇದರ ಮನೆತನದ್ದೇ.

ಏಣಿಯ ಕೆಳಗಿನ ಮೆಟ್ಟಿಲು ‘ವಾರ್ಮ್’. ನಮಗೆ ಬೆಚ್ಚಗೆ ಅಂದರೆ ಕಂಬಳಿ ಹೊದ್ದಾಗ ಆಗುವ ಹಿತ. ಇಂಗ್ಲೆಂಡಿನವರಿಗೆ 22, 23 ಡಿಗ್ರಿಯ ದಿನ ‘ಲವ್ಲಿ ಆ್ಯಂಡ್ ವಾರ್ಮ್’. 30 ಆದಾಗ ‘ಎ ಬಿಟ್ ವಾರ್ಮ್’ ಅಂತ ಇಳಿಸಿ ಹೇಳುವವರೂ ಅಲ್ಲಿದ್ದಾರೆ. ಅವರ ‘ಎ ಬಿಟ್’ ಅನ್ನು ನಮ್ಮ ‘ಸ್ವಲ್ಪ’ ಅಂತ ನಂಬಿದರೆ ಮೋಸ ಹೋಗ್ತೀರಿ.

30 ಡಿಗ್ರಿಗೆಲ್ಲ ಏನು ಗೋಳು ಅಂತ ನಾನೂ ಮೊದಲು ನಗ್ತಿದ್ದೆ. ಆದರೆ ಅಲ್ಲಿನ ಮನೆಗಳನ್ನು ಕಟ್ಟಿರೋದು ಚಳಿಗೆ, ಒಳಗಿನ ಕಾವು ಹೊರಗೆ ಹೋಗದಂತೆ. ಹೆಚ್ಚಿನ ಮನೆಗಳಲ್ಲಿ ಎಸಿ ಇರಲಿ, ಸೀಲಿಂಗ್ ಫ್ಯಾನೂ ಇಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ನಿನ ದಾಖಲೆಯಲ್ಲಿ 40 ದಾಟಿದ್ದು ಅದೇ ಮೊದಲು. ಅತಿ ಬಿಸಿಲಿಗೆ ‘ರೆಡ್ ವಾರ್ನಿಂಗ್’ ಕೊಟ್ಟಿದ್ದೂ ಆಗಲೇ ಮೊದಲು.

‘ಹೀಟ್‌ವೇವ್’ ಪದಕ್ಕೂ ಊರಿಗೊಂದು ಅಳತೆ. ಬ್ರಿಟನ್ನಿನಲ್ಲಿ ಸತತ ಮೂರು ದಿನ ಗರಿಷ್ಠ ಉಷ್ಣಾಂಶ ಆಯಾ ಪ್ರದೇಶದ ಮಿತಿ ಮುಟ್ಟಿದರೆ ಹೀಟ್‌ವೇವ್. ಆ ಮಿತಿ 25ರಿಂದ 28 ಡಿಗ್ರಿ. ನಮ್ಮ ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಿದ ಮೇಲೇ ಲೆಕ್ಕ ಶುರು ಮಾಡೋದು, ಅದೂ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. 45 ಮುಟ್ಟಿಬಿಟ್ಟರೆ ವಾಡಿಕೆ ಎಷ್ಟು ಅಂತ ನೋಡುವ ಹಾಗಿಲ್ಲ. ನಮ್ಮ ಪತ್ರಿಕೆಗಳು ಇದನ್ನು ‘ಬಿಸಿಗಾಳಿ’ ಅಂತ ಬರೆಯೋದುಂಟು, ಆದರೆ ಹೀಟ್‌ವೇವ್‌ಗೆ ಗಾಳಿ ಬೀಸಲೇಬೇಕು ಅಂತಿಲ್ಲ.

ಶ್ಯಾಡೋದಲ್ಲಿ ನಿಲ್ಲೋದು ಬೇಡ

ಕೆಲವು ತಪ್ಪು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತಾಡುವ ನಮಗೇ ಮೀಸಲು.

ನಮಗೆ ಮರದಡಿಯ ತಂಪೂ ನೆರಳು, ಗೋಡೆ ಮೇಲೆ ಬೀಳುವ ನಮ್ಮ ಆಕಾರವೂ ನೆರಳು. ಇಂಗ್ಲಿಷಿನಲ್ಲಿ ಮೊದಲನೆಯದು ‘ಶೇಡ್’, ಎರಡನೆಯದು ‘ಶ್ಯಾಡೋ’. ‘ಲೆಟ್ ಅಸ್ ಸ್ಟ್ಯಾಂಡ್ ಇನ್ ದ ಶ್ಯಾಡೋ’ ಅಂದರೆ ಕಳ್ಳರ ಹಾಗೆ ಕತ್ತಲಲ್ಲಿ ನಿಲ್ಲೋಣ ಅಂದಂತೆ ಕೇಳುತ್ತೆ. ಬಿಸಿಲಿಂದ ತಪ್ಪಿಸಿಕೊಳ್ಳಲು ‘ಇನ್ ದ ಶೇಡ್’.

ಉಲ್ಟಾ ಕಥೆ ಬಿಸಿಲಿನದು. ನಮಗೆ ಸೂರ್ಯ ಬೇರೆ, ಬಿಸಿಲು ಬೇರೆ. ಅವರಿಗೆ ಎರಡೂ ‘ಸನ್’. ‘ಸನ್‌ಲೈಟ್ ಈಸ್ ಟೂ ಮಚ್’ ಅನ್ನುವ ಬದಲು ‘ದ ಸನ್ ಈಸ್ ಸೋ ಸ್ಟ್ರಾಂಗ್’ ಅನ್ನಿ. ಬಿಸಿಲಲ್ಲಿ ಹೋಗಬೇಡ ಅನ್ನೋದಕ್ಕೆ ‘ಡೋಂಟ್ ಗೋ ಔಟ್ ಇನ್ ದ ಸನ್’. ‘ಟೂ ಮಚ್ ಹಾಟ್ ಈಸ್ ದೇರ್’ ಅಂತೂ ಬೇಡವೇ ಬೇಡ. ಹಾಟ್ ಗುಣ, ಹೀಟ್ ವಸ್ತು. ‘ದ ಹೀಟ್ ಈಸ್ ಟೂ ಮಚ್’ ಸರಿ.

‘ನನಗೆ ಸೆಕೆ ಆಗ್ತಿದೆ’ ಅನ್ನೋದನ್ನೂ ನೋಡಿ. ಕನ್ನಡದಲ್ಲಿ ಸೆಕೆ ನಮಗೆ ‘ಆಗುತ್ತೆ’. ಇಂಗ್ಲಿಷಿನಲ್ಲಿ ‘ಐ ಆ್ಯಮ್ ಹಾಟ್’. ಸಂದರ್ಭ ಗೊತ್ತಿದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೆ ‘ನಾನು ಆಕರ್ಷಕವಾಗಿದ್ದೀನಿ’ ಅಂತಲೂ ಕೇಳಿಸೀತು. ‘ಐ ಆ್ಯಮ್ ಫೀಲಿಂಗ್ ಹಾಟ್’ ಅಥವಾ ‘ಇಟ್ಸ್ ಹಾಟ್ ಇನ್ ಹಿಯರ್’ ಅಂದರೆ ಸುರಕ್ಷಿತ.

ಎಲ್ಲವೂ ಬೇರೆ ಬೇರೆ ಅಂತಲೂ ಅಲ್ಲ. ನಮ್ಮಲ್ಲಿ ಬಿಸಿಲು ‘ಹೊಡೆಯುತ್ತೆ’. ಅಲ್ಲೂ ‘ದ ಸನ್ ಈಸ್ ಬೀಟಿಂಗ್ ಡೌನ್’, ಅಂದರೆ ಮೇಲಿಂದ ಬಡಿಯುತ್ತಿದೆ. ನಮ್ಮೂರಲ್ಲಿ ಬಿಸಿಲಿಗೆ ಬಿದ್ದವರನ್ನು ‘ಝಳ ಬಡದದ’ ಅಂತೀವಿ. ಅವರ ‘ಸನ್‌ಸ್ಟ್ರೋಕ್’ನಲ್ಲಿರುವ ಸ್ಟ್ರೋಕ್ ಅಂದರೂ ಏಟೇ.

ದೆಹಲಿಯ ‘ಲೂ’ ಮತ್ತು ಇತರ ಹಳ್ಳಗಳು

ನಮ್ಮ ಟೀಮಿನಲ್ಲಿ ದೆಹಲಿಯ ಹುಡುಗನೊಬ್ಬನಿದ್ದಾನೆ. ಮೇ ತಿಂಗಳ ಕಾಲ್ ಒಂದರಲ್ಲಿ ಅವನು ‘ದ ಲೂ ಈಸ್ ಟೆರಿಬಲ್ ಇನ್ ಡೆಲ್ಲಿ ದೀಸ್ ಡೇಸ್’ ಅಂದ. ಉತ್ತರ ಭಾರತದಲ್ಲಿ ಬೇಸಿಗೆಯ ಮಧ್ಯಾಹ್ನ ಬೀಸುವ ಬಿಸಿ ಒಣಗಾಳಿಯ ಹೆಸರು ಲೂ. ಬ್ರಿಟನ್ನಿನಲ್ಲಿ ಲೂ ಅಂದರೆ ಶೌಚಾಲಯ. ಅತ್ತ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ಒಬ್ಬರು ‘ಐ ಆ್ಯಮ್ ಸಾರಿ ಟು ಹಿಯರ್ ದಟ್’ ಅಂದರು. ‘ಹಾಟ್ ವಿಂಡ್’ ಅಂದಿದ್ದರೆ ಮುಗಿದಿತ್ತು.

‘ಇಂಡಿಯನ್ ಸಮ್ಮರ್’ ಅಂತ ಕೇಳಿದರೆ ನಮ್ಮ ಏಪ್ರಿಲ್-ಮೇ ನೆನಪಾಗುತ್ತೆ. ಅದಕ್ಕೂ ನಮಗೂ ಸಂಬಂಧವಿಲ್ಲ. ಅಮೆರಿಕದಲ್ಲಿ ಹುಟ್ಟಿದ ಪದ ಅದು. ಬೇಸಿಗೆ ಮುಗಿದು ಚಳಿ ಶುರುವಾದ ಮೇಲೆ ನಡುವೆ ಬಂದುಹೋಗುವ ಬೆಚ್ಚನೆಯ ದಿನಗಳಿಗೆ ಹಾಗನ್ನುತ್ತಿದ್ದರು. ‘ಡಾಗ್ ಡೇಸ್’ ಕೂಡ ಬೀದಿನಾಯಿಗಳ ವಿಷಯವಲ್ಲ. ಸಿರಿಯಸ್ ನಕ್ಷತ್ರಕ್ಕೆ ನಾಯಿ ನಕ್ಷತ್ರ ಅಂತ ಹೆಸರು. ಅದು ಸೂರ್ಯನ ಜೊತೆಗೇ ಹುಟ್ಟುವ ದಿನಗಳನ್ನು ಗ್ರೀಕರು, ರೋಮನ್ನರು ಕಡುಬೇಸಿಗೆಗೆ ತಳಕು ಹಾಕಿದ್ದರು. ಈಗಲೂ ಜುಲೈ-ಆಗಸ್ಟಿನ ಬಿಸಿಲಿಗೆ ಆ ಹೆಸರಿದೆ.

ಅಮೆರಿಕದವರ ಜೊತೆ ಕೆಲಸವಿದ್ದರೆ ಇನ್ನೊಂದು ಹಳ್ಳವಿದೆ. ‘ಇಟ್ಸ್ ಇನ್ ದ ನೈಂಟೀಸ್’ ಅಂದರೆ ಗಾಬರಿಯಾಗಬೇಡಿ. ಅವರದು ಫ್ಯಾರನ್‌ಹೀಟ್. 90 ಅಂದರೆ ನಮ್ಮ 32 ಡಿಗ್ರಿ, 100 ಅಂದರೆ ಸುಮಾರು 38, 104 ಅಂದರೆ ಸರಿಯಾಗಿ 40. ‘ಟ್ರಿಪಲ್ ಡಿಜಿಟ್ಸ್’ ಅಂದರೆ 100 ದಾಟಿದೆ ಅಂತ.

ಹಾಗೇ ‘ಫಾರ್ಟಿ ಇನ್ ದ ಶೇಡ್’ ಅನ್ನೋ ಮಾತು. ಹವಾಮಾನ ಇಲಾಖೆ ಉಷ್ಣಾಂಶ ಅಳೆಯೋದೇ ನೆರಳಲ್ಲಿ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ. ಮೊಬೈಲಿನಲ್ಲಿ ಕಾಣುವ 42 ನೆರಳಿನ ಲೆಕ್ಕ. ಬಿಸಿಲಲ್ಲಿ ನಿಂತವರ ಮೈಗೆ ತಟ್ಟೋದು ಅದಕ್ಕಿಂತ ಹೆಚ್ಚು. ಇದನ್ನು ಓದಿದ ದಿನ ನನಗೆ ನೆನಪಾಗಿದ್ದು ಅಪ್ಪ.

ಆ ಮಧ್ಯಾಹ್ನದ ಫೋನು

ನಮ್ಮಪ್ಪ ಗೌಂಡಿ ಕೆಲಸ ಮಾಡ್ತಾರೆ. ಮೂವತ್ತು ವರ್ಷದಿಂದ ಬಿಸಿಲಲ್ಲೇ ಇಟ್ಟಿಗೆ ಇಟ್ಟವರು. ‘ಮಧ್ಯಾಹ್ನ ಮನಿಗೆ ಬಾರಪ್ಪಾ’ ಅಂದರೆ ‘ಬಿಸಲು ನಮಗೇನ್ ಹೊಸದೇನವ್ವಾ’ ಅನ್ನೋರು.

ಹೋದ ವರ್ಷ ಮೇ ತಿಂಗಳು. ಒಂದು ಮನೆಯ ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟ್ ಶುರುವಾದ ಮೇಲೆ ನಡುವೆ ನಿಲ್ಲಿಸೋ ಹಾಗಿಲ್ಲ. ಮಧ್ಯಾಹ್ನ ಎರಡೂವರೆಗೆ ತಮ್ಮನ ಫೋನ್ ಬಂತು. ‘ಅಕ್ಕಾ, ಅಪ್ಪಗ ಝಳ ಬಡದದ. ಏನೇನೋ ಮಾತಾಡಕತ್ತಾನ.’

ನನ್ನ ಕೈಕಾಲು ಆಡಲಿಲ್ಲ. ಆಫೀಸಿನ ಇನ್ಶೂರೆನ್ಸಿನಲ್ಲಿ ಫೋನಿನಲ್ಲೇ ಡಾಕ್ಟರ್ ಸಿಗುವ ಸೌಲಭ್ಯವಿತ್ತು. ತಕ್ಷಣ ಹಚ್ಚಿ, ತಮ್ಮನನ್ನೂ ಕಾನ್ಫರೆನ್ಸಿಗೆ ಹಾಕಿಕೊಂಡೆ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ನಡುವೆ ನಿಂತು ಅನುವಾದ ಮಾಡಬೇಕು.

ಡಾಕ್ಟರ್ ಕೇಳಿದ ಎರಡನೇ ಪ್ರಶ್ನೆ, ‘ಈಸ್ ಹೀ ಕನ್‌ಫ್ಯೂಸ್ಡ್?’

ನಾನು ಕೂಡಲೇ ಹೇಳಿದೆ, ‘ನೋ ಡಾಕ್ಟರ್, ಹೀ ಈಸ್ ಟಾಕಿಂಗ್.’

ನೋಡಿ, ನಮಗೆ ಕನ್‌ಫ್ಯೂಸ್ ಅಂದರೆ ಏನು? ಯಾವ ಸೀರೆ ತಗೊಳ್ಳೋದು ಅಂತ ಕನ್‌ಫ್ಯೂಸ್. ಇವತ್ತು ದೋಸೆನಾ ಇಡ್ಲಿನಾ ಅಂತ ಕನ್‌ಫ್ಯೂಸ್. ಬಿಸಿಲಿಗೆ ಬಿದ್ದ ಅಪ್ಪನಿಗೆ ಯಾವುದರ ಕನ್‌ಫ್ಯೂಷನ್ ಇರುತ್ತೆ ಅಂತ ನನ್ನ ತಲೆ ಓಡಿತು. ವೈದ್ಯರ ಬಾಯಲ್ಲಿ ಆ ಪದಕ್ಕೆ ಅರ್ಥ ಬೇರೆ: ಬುದ್ಧಿ ಸ್ಥಿಮಿತದಲ್ಲಿಲ್ಲ, ಎಲ್ಲಿದ್ದೀನಿ, ಎದುರಿಗೆ ಯಾರಿದ್ದಾರೆ ಅಂತ ತಿಳಿಯುತ್ತಿಲ್ಲ. ಅವರು ಕೇಳಿದ್ದು ಅದನ್ನೇ. ಹಾಗಿರುವಾಗಲೇ ನಾನು ‘ಇಲ್ಲ’ ಅಂದೆ.

ಮಾತಾಡ್ತಿದ್ದಾರೆ ಅಂದಮೇಲೆ ಪರವಾಗಿಲ್ಲ, ನೆರಳಲ್ಲಿ ಮಲಗಿಸಿ, ಓಆರ್‌ಎಸ್ ಕೊಡಿ ಅಂತ ಅವರು ಹೇಳ್ತಿದ್ದರು. ಅಷ್ಟರಲ್ಲಿ ತಮ್ಮ ಅತ್ತ. ‘ಅಕ್ಕಾ, ಅಪ್ಪ ನನ್ನ ಗುರ್ತು ಹಿಡೀವಲ್ಲ. ನನಗ ಕಾಕಾ ಅಂತ ಕರಿಯಾಕತ್ತಾನ. ಮೈ ಕೆಂಡ ಆದಂಗ ಆಗ್ಯದ.’

ಅದನ್ನು ಹಾಗೇ ಇಂಗ್ಲಿಷಿಗೆ ಹಾಕಿದೆ. ‘ಹೀ ಡಸಂಟ್ ರೆಕಗ್ನೈಸ್ ಹಿಸ್ ಓನ್ ಸನ್. ಹಿಸ್ ಸ್ಕಿನ್ ಈಸ್ ಬರ್ನಿಂಗ್ ಹಾಟ್.’

ಡಾಕ್ಟರ ದನಿಯೇ ಬದಲಾಯಿತು. ‘ಹೀಟ್ ಸ್ಟ್ರೋಕ್ ಇರಬಹುದು. ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಈಗಲೇ ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ.’

ಪಕ್ಕದಲ್ಲಿ ಕ್ಯೂರಿಂಗಿಗೆ ಇಟ್ಟ ಡ್ರಮ್ಮಿನ ನೀರಿತ್ತು. ಬೇವಿನ ಮರದ ಕೆಳಗೆ ಮಲಗಿಸಿ, ಅಂಗಿ ಬಿಚ್ಚಿ ಬಕೆಟ್ ಬಕೆಟ್ ಸುರಿದರಂತೆ. ಸಿಮೆಂಟಿನ ಚೀಲ ಹಿಡಿದು ಗಾಳಿ ಬೀಸಿದರಂತೆ. ಆಂಬುಲೆನ್ಸ್ ಬಂತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಮನೆಗೆ ಬಂದರು. ಆ ದಿನ ನನ್ನ ‘ನೋ ಡಾಕ್ಟರ್’ ಅನ್ನೋ ಒಂದು ಮಾತಿಗೆ ಎರಡು-ಮೂರು ನಿಮಿಷ ಹೋಯಿತು. ತಮ್ಮ ನಡುವೆ ಬಾಯಿ ಹಾಕದಿದ್ದರೆ ಇನ್ನೆಷ್ಟು ಹೋಗುತ್ತಿತ್ತೋ. ಅದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತೆ.

ಇವಿಷ್ಟು ಮೊಬೈಲಿನಲ್ಲಿ ಉಳಿಸಿಕೊಳ್ಳಿ

ಕ್ಲೈಂಟ್ ಎದುರು ಮಗ್ಗಿ, ಸ್ವೆಲ್ಟರಿಂಗ್ ಬರದಿದ್ದರೆ ಪರವಾಗಿಲ್ಲ, ನಕ್ಕು ಮುಂದೆ ಹೋಗಬಹುದು. ಈ ಪದಗಳು ಮಾತ್ರ ಬರಲಿ. ಊರಲ್ಲಿ ಅಪ್ಪ-ಅಮ್ಮ, ನಾವು ಬೇರೆ ಊರಲ್ಲಿ, ಡಾಕ್ಟರ್ ಇನ್ನೊಂದು ಭಾಷೆಯಲ್ಲಿ ಇರುವ ಕಾಲ ಇದು.

ಸುಸ್ತಾಗಿದೆ: ಟೈರ್ಡ್. ಏಳೋಕೂ ಆಗದಷ್ಟು ನಿತ್ರಾಣವಾದರೆ ‘ಟೂ ವೀಕ್ ಟು ಸ್ಟ್ಯಾಂಡ್’.

ತಲೆ ತಿರುಗ್ತಿದೆ: ‘ಹೆಡ್ ಈಸ್ ರೊಟೇಟಿಂಗ್’ ಅಲ್ಲ, ‘ಡಿಜಿ’.

ವಾಂತಿ ಬಂದ ಹಾಗಾಗ್ತಿದೆ: ‘ನಾಸಿಯಸ್’. ನಮ್ಮ ‘ವಾಮಿಟಿಂಗ್ ಸೆನ್ಸೇಶನ್’ ಇಲ್ಲಿನ ಡಾಕ್ಟರಿಗೆ ಅರ್ಥವಾಗುತ್ತೆ. ಬ್ರಿಟನ್ನಿನಲ್ಲಿ ‘ಐ ಫೀಲ್ ಸಿಕ್’ ಅಂದರೂ ಇದೇ.

ಕಾಲು ಸೆಳೆತ: ಕ್ರ್ಯಾಂಪ್ಸ್.

ಮೈಯೆಲ್ಲ ಬೆವರಿ ತಣ್ಣಗೆ ಅಂಟಂಟಾಗಿದೆ: ‘ಕ್ಲ್ಯಾಮಿ’.

ಬಡಬಡಿಸ್ತಿದ್ದಾರೆ, ಗುರುತು ಹಿಡಿಯುತ್ತಿಲ್ಲ: ‘ಕನ್‌ಫ್ಯೂಸ್ಡ್’, ‘ನಾಟ್ ಮೇಕಿಂಗ್ ಸೆನ್ಸ್’.

ನಾಲಿಗೆ ತೊದಲುತ್ತಿದೆ: ‘ಸ್ಲರ್ಡ್ ಸ್ಪೀಚ್’.

ಎಚ್ಚರ ತಪ್ಪಿದ್ದಾರೆ: ‘ಅನ್‌ಕಾನ್ಷಸ್’. ಫಿಟ್ಸ್ ಬಂದಿದೆ: ‘ಸೀಜರ್’.

ಪಟ್ಟಿಯ ಮೊದಲ ಐದು ಸಾಮಾನ್ಯವಾಗಿ ‘ಹೀಟ್ ಎಕ್ಸಾಸ್ಟನ್’ ಅನ್ನುವ ಬಿಸಿಲ ಬಳಲಿಕೆಯ ಲಕ್ಷಣ. ನೆರಳಿಗೆ ಕರೆತಂದು, ಕಾಲು ಸ್ವಲ್ಪ ಎತ್ತರಕ್ಕಿಟ್ಟು ಮಲಗಿಸಿ, ನೀರು ಅಥವಾ ಓಆರ್‌ಎಸ್ ಕೊಟ್ಟು, ಮೈ ತಣ್ಣಗೆ ಮಾಡಬೇಕು. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಇಲ್ಲವಾದರೆ ಆಸ್ಪತ್ರೆ. ಕೊನೆಯ ಮೂರರಲ್ಲಿ ಒಂದು ಕಂಡರೂ ‘ಹೀಟ್ ಸ್ಟ್ರೋಕ್’ ಇರಬಹುದು. ಮೈಯ ತಾಪ 40 ಡಿಗ್ರಿ ಮುಟ್ಟಿ ಅಥವಾ ದಾಟಿ, ದೇಹ ತನ್ನನ್ನು ತಾನು ತಣಿಸಿಕೊಳ್ಳಲಾಗದ ಸ್ಥಿತಿ. ಅರ್ಧ ಗಂಟೆ ಕಾಯುವ ಹಾಗಿಲ್ಲ, ತಕ್ಷಣ 108. ಆಂಬುಲೆನ್ಸ್ ಬರುವವರೆಗೆ ನೀರು ಸುರಿಯುತ್ತ, ಗಾಳಿ ಹಾಕುತ್ತ ಇರಿ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಒದ್ದೆ ಬಟ್ಟೆ ಅಥವಾ ಮಂಜುಗಡ್ಡೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬೆವರುತ್ತಿದ್ದಾರೆ ಅಂದ ಮಾತ್ರಕ್ಕೆ ಹೀಟ್ ಸ್ಟ್ರೋಕ್ ಅಲ್ಲ ಅಂತಲೂ ತಿಳಿಯಬೇಡಿ. ಬಿಸಿಲಲ್ಲಿ ದುಡಿಯುವವರಿಗೆ ಬೆವರುತ್ತಿರುವಾಗಲೂ ಅದು ಆಗಬಹುದು.

ಇಂಗ್ಲಿಷ್ ಪದ ಬಾಯಿಗೆ ಬರಲೇ ಇಲ್ಲ ಅಂದರೂ ಒಂದು ಉಪಾಯವಿದೆ. ಪದ ಹುಡುಕಬೇಡಿ, ಕಣ್ಣಿಗೆ ಕಂಡಿದ್ದನ್ನು ಕಂಡ ಹಾಗೆ ಹೇಳಿ. ಮಗನನ್ನು ಗುರುತಿಸುತ್ತಿಲ್ಲ, ಮೈ ಸುಡುತ್ತಿದೆ, ಏಳುತ್ತಿಲ್ಲ. ಆ ದಿನ ಕೆಲಸಕ್ಕೆ ಬಂದಿದ್ದು ನನ್ನ ತಮ್ಮನ ಇಂಥ ಮಾತೇ. ಅವನ ಕನ್ನಡದಲ್ಲಿ ಎಲ್ಲವೂ ಇತ್ತು, ನಾನು ನಡುವೆ ‘ಟಾಕಿಂಗ್’ ಅಂತ ಒಂದೇ ಪದಕ್ಕೆ ಇಳಿಸಿದ್ದೆ.

ಮತ್ತೆ ಅದೇ ಹಿರಿಯರು

ಈ ವರ್ಷ ಜೂನ್ ಮೊದಲ ವಾರ. ಬರ್ಮಿಂಗ್‌ಹ್ಯಾಮಿನ ಅದೇ ಹಿರಿಯರು ಮತ್ತೆ ಚಾಟ್‌ಗೆ ಬಂದರು. ಮತ್ತೆ ಅದೇ ಇನ್‌ವಾಯ್ಸ್. ಕಾಯುತ್ತ ಕೂತವರು ‘ಬಿಟ್ ಮಗ್ಗಿ ಟುಡೇ’ ಅಂತ ಬರೆದರು.

ಈ ಸಲ ನಾನು ಟಿಕೆಟ್ ಮುಚ್ಚಲಿಲ್ಲ. ‘ಓ ಡಿಯರ್, ಎನಿ ಬ್ರೀಜ್ ಅಟ್ ಆಲ್?’ ಅಂತ ಕೇಳಿದೆ. ತಂಗಾಳಿ ಏನಾದರೂ ಇದೆಯಾ ಅಂತ. ಅವರು ತಮ್ಮ ಹಿತ್ತಲಿನ ಟೊಮ್ಯಾಟೊ ಗಿಡ, ಸೆಕೆಗೆ ನಿದ್ದೆಗೆಡುವ ಹೆಂಡತಿ, ತಂಪು ಟೈಲ್ಸ್ ಬಿಟ್ಟು ಏಳದ ಮುದಿ ನಾಯಿ, ಎಲ್ಲದರ ಸುದ್ದಿ ಹೇಳಿದರು. ಕೊನೆಗೆ ‘ನಿಮ್ಮ ಊರಲ್ಲಿ ಹೇಗಿದೆ? ಮನೆಯವರೆಲ್ಲ ಕ್ಷೇಮವಾ?’ ಅಂತ ಕೇಳಿದರು.

ಆಗಷ್ಟೇ ತಮ್ಮ ಒಂದು ಫೋಟೊ ಕಳಿಸಿದ್ದ. ಮಧ್ಯಾಹ್ನದ ಹೊತ್ತು, ಮನೆ ಮುಂದಿನ ಬೇವಿನ ಮರ, ಅದರಡಿ ಹೊರಸಿನ ಮೇಲೆ ಅಪ್ಪ. ಈಗ ಅವರು 11 ಗಂಟೆಗೆಲ್ಲ ಕೆಲಸ ನಿಲ್ಲಿಸಿ ಬರ್ತಾರೆ, ಮತ್ತೆ ಹೋಗೋದು ಹೊತ್ತು ಇಳಿದ ಮೇಲೇ.

ನಾನು ಬರೆದೆ, ‘ಸ್ಕಾರ್ಚಿಂಗ್, ಬಟ್ ಮೈ ಫಾದರ್ ಈಸ್ ಇನ್ ದ ಶೇಡ್.’

ನಿಮ್ಮೂರಲ್ಲಿ ಸೆಕೆಗೆ, ಬಿಸಿಲಿಗೆ, ಝಳಕ್ಕೆ ಏನೇನು ಹೆಸರಿದೆ? ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ನೀವೆಲ್ಲಿ ಎಡವಿದ್ದೀರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ. ಬರೆಯುವ ಮೊದಲು ಊರಿಗೊಂದು ಫೋನ್ ಮಾಡಿ, ಮಧ್ಯಾಹ್ನದ ಹೊತ್ತಲ್ಲಿ ಅಪ್ಪ-ಅಮ್ಮ ಎಲ್ಲಿದ್ದಾರೆ ಅಂತ ಕೇಳಿಬಿಡಿ.